ಅಮೆರಿಕದ ನಕ್ಷೆ, ತೋಟದ ಸಿಲ್ವರ್ ಓಕ್: ತೂಗುಕುದುರೆ ಮಾಡುವ ಮೊದಲು ಕೆಲವು ಪ್ರಶ್ನೆಗಳು

ಕಾಫಿಕಣಿವೆ (ಸಕಲೇಶಪುರ):
ಎಲ್ಲರಿಗೂ ನಮಸ್ಕಾರ. ಎರಡು ವರ್ಷ ತುಂಬಿರುವ ಮಗಳಿಗೆ ಮರದ ತೂಗುಕುದುರೆಯೊಂದನ್ನು ಮಾಡಿಕೊಡಬೇಕೆಂದಿದ್ದೇನೆ. ಅಮೆರಿಕದ ಮರಗೆಲಸದ ನಕ್ಷೆಯೊಂದು ಸಿಕ್ಕಿದೆ; ಅಳತೆಗಳೆಲ್ಲ ಇಂಚಿನಲ್ಲಿವೆ, ತಲೆ ಮತ್ತು ಕಾಲುಗಳ ಆಕಾರವನ್ನು ಚೌಕುಳಿಗಳ ಮೇಲೆ ಬರೆದು ತೋರಿಸಿದ್ದಾರೆ. ನಮ್ಮ ತೋಟದಲ್ಲಿ ಮಳೆಗಾಲದ ಗಾಳಿಗೆ ಉರುಳಿದ ಸಿಲ್ವರ್ ಓಕ್ ಮರವನ್ನು ಸಾಮಿಲ್‌ನಲ್ಲಿ ಕೊಯ್ಯಿಸಿ, ಒಂದು ಇಂಚು ಮತ್ತು ಎರಡು ಇಂಚು ದಪ್ಪದ ಹಲಗೆಗಳನ್ನು ನಡುವೆ ರೀಪು ಕೊಟ್ಟು, ಎರಡು ಮಳೆಗಾಲ ಕಳೆಯುವವರೆಗೆ ನೆರಳಿನಲ್ಲಿ ಒಣಗಿಸಿದ್ದೇವೆ. ಜಿಗ್‌ಸಾ, ಡ್ರಿಲ್, ಉಳಿಗಳು ಮತ್ತು ಕೀಸುಳಿ ಮನೆಯಲ್ಲಿವೆ.

ನನ್ನ ಅನುಮಾನಗಳು ಇವು. ನಕ್ಷೆಯಲ್ಲಿ ‘ಎರಡು–ಹತ್ತು’ ಎಂದಿರುವ ಹಲಗೆ ಮತ್ತು ನಮ್ಮ ಎರಡು ಇಂಚಿನ ಹಲಗೆ ಒಂದೇ ಆಗಿದ್ದರೆ, ಅದು ಕೂರಬೇಕಾದ ಕಚ್ಚಿನ ಅಗಲ ಒಂದೂವರೆ ಇಂಚು ಎಂದೇಕೆ ಬರೆದಿದ್ದಾರೆ? ಕೆಳಗಿನ ಬಾಗಿದ ಪಟ್ಟಿಗಳನ್ನು ಒಂದೇ ನೇರ ಹಲಗೆಯಿಂದ ಕತ್ತರಿಸಿ ತೆಗೆಯಲು ನಕ್ಷೆ ಹೇಳುತ್ತದೆ. ಅದು ಮಗುವಿನ ಭಾರಕ್ಕೆ ಸಾಕೇ? ಕೊನೆಯದಾಗಿ, ಮಗು ಕಚ್ಚಿದರೂ ತೊಂದರೆಯಾಗದಂತಹ ಬಣ್ಣ ಯಾವುದು?

ದೂರದ ಕನ್ನಡಿಗ (ಮಿಶಿಗನ್):
ಮೊದಲ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ಇಲ್ಲಿ ಪ್ರತಿ ವಾರವೂ ಅಂಗಡಿಯಿಂದ ಇದೇ ಹಲಗೆಗಳನ್ನು ತರುತ್ತೇನೆ. ಅಮೆರಿಕದಲ್ಲಿ ಹಲಗೆಯ ಹೆಸರು ಬೇರೆ, ಅಳತೆ ಬೇರೆ. ‘ಎರಡು–ಹತ್ತು’ ಎಂದು ಮಾರುವ ಹಲಗೆ ಒಣಗಿ, ನಾಲ್ಕೂ ಮಗ್ಗುಲು ಕೀಸಿದ ಮೇಲೆ ಒಂದೂವರೆ ಇಂಚು ದಪ್ಪ, ಒಂಬತ್ತೂ ಕಾಲು ಇಂಚು ಅಗಲ, ಅಂದರೆ 38 ಮತ್ತು 235 ಮಿ.ಮೀ. ಇರುತ್ತದೆ. ‘ಒಂದು–ಹನ್ನೆರಡು’ ಹಲಗೆಯ ನಿಜವಾದ ದಪ್ಪ ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಮಾತ್ರ. ನಿಮ್ಮ ಸಾಮಿಲ್‌ನವರು ಎರಡು ಇಂಚು ಎಂದು ಕೊಯ್ದುಕೊಟ್ಟಿದ್ದರೆ ಅದು ಕೀಸಿದ ಮೇಲೂ ಒಂದೂ ಮುಕ್ಕಾಲು ಇಂಚು ಉಳಿಯಬಹುದು. ಆದ್ದರಿಂದ ಹಲಗೆಗಳನ್ನು ಮೊದಲು ಒಂದೇ ದಪ್ಪಕ್ಕೆ ಕೀಸಿಕೊಂಡು, ನಕ್ಷೆಯ ಕಚ್ಚುಗಳನ್ನು ಕೈಯಲ್ಲಿರುವ ಹಲಗೆಗೆ ತಕ್ಕಂತೆ ಬದಲಿಸಿಕೊಳ್ಳಿ. ಮರದ ಪ್ರಮಾಣವನ್ನು ‘ಬೋರ್ಡ್ ಫುಟ್’ ಎಂದು ಕೊಟ್ಟಿದ್ದರೆ ಅಂತಹ ಹನ್ನೆರಡು ಸೇರಿದರೆ ನಮ್ಮ ಒಂದು ಘನ ಅಡಿ.

ಇನ್ನೊಂದು ಮಾತನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಇಲ್ಲಿಯ ಕಾಗದ 216 ಮಿ.ಮೀ. ಅಗಲ, ನಿಮ್ಮ ಎ–4 ಕಾಗದ 210 ಮಿ.ಮೀ. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ಹಾಗೆಯೇ ಬಿಟ್ಟರೆ ಚಿತ್ರ ಕುಗ್ಗಿ, ಒಂದು ಮೀಟರ್ ಉದ್ದದ ಪಟ್ಟಿಯಲ್ಲಿ ಸುಮಾರು 3 ಸೆಂ.ಮೀ. ಕಾಣೆಯಾಗುತ್ತದೆ. ಮುದ್ರಿಸಿದ ಚೌಕುಳಿಯ ಮೇಲೆ ಅಳತೆಪಟ್ಟಿಯಿಟ್ಟು, ಒಂದು ಇಂಚು ನಿಜವಾಗಿಯೂ ಒಂದು ಇಂಚೇ ಇದೆಯೇ ಎಂದು ನೋಡಿದ ಮೇಲೆಯೇ ಕತ್ತರಿ ಹಿಡಿಯಿರಿ.

ಉಳಿಬಾಚಿ (ಉಡುಪಿ):
ಎರಡನೆಯ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು, ಹಾಗಾಗಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ನಕ್ಷೆ ಆಕಾರವನ್ನು ಕೊಡುತ್ತದೆ, ಆ ಆಕಾರದೊಳಗೆ ಮರದ ನಾರು ಯಾವ ಕಡೆಗೆ ಓಡಬೇಕು ಎಂಬುದನ್ನು ಬಹಳ ನಕ್ಷೆಗಳು ಒಂದು ಸಣ್ಣ ಬಾಣದ ಗುರುತಿನಲ್ಲಿ ಮುಗಿಸುತ್ತವೆ, ಕೆಲವು ಅದನ್ನೂ ಹಾಕುವುದಿಲ್ಲ. ಕುದುರೆ ಮುರಿಯುವುದು ಮರ ತೆಳ್ಳಗಿದ್ದುದರಿಂದ ಎಂದು ಜನ ಭಾವಿಸುತ್ತಾರೆ. ನನ್ನ ಬಳಿಗೆ ರಿಪೇರಿಗೆ ಬಂದ ಕುದುರೆಗಳಲ್ಲಿ ಹೆಚ್ಚಿನವು ನಾರು ಅಡ್ಡವಾಗಿ ತುಂಡಾದ ಜಾಗದಲ್ಲಿಯೇ ಬಿರುಕು ಬಿಟ್ಟಿದ್ದವು. ನಾರಿನ ಉದ್ದಕ್ಕೆ ಬೀಳುವ ಭಾರವನ್ನು ಮರ ಹೊರುತ್ತದೆ. ನಾರು ಮತ್ತು ನಾರಿನ ನಡುವೆ ಸೀಳುವ ಬಲ ಬಿದ್ದರೆ ಎರಡು ಇಂಚಿನ ಹಲಗೆಯೂ ಒಂದೇ ಪೆಟ್ಟಿಗೆ ಬಿಡುತ್ತದೆ.

ನೇರ ಹಲಗೆಯಿಂದ ಬಾಗಿದ ಪಟ್ಟಿಯನ್ನು ಕತ್ತರಿಸಿದಾಗ ನಡುಭಾಗದಲ್ಲಿ ನಾರು ಪಟ್ಟಿಯ ಉದ್ದಕ್ಕೇ ಇರುತ್ತದೆ. ತುದಿಗೆ ಹೋದಂತೆ ಪಟ್ಟಿ ಮೇಲಕ್ಕೆ ತಿರುಗುತ್ತದೆ, ನಾರು ಮಾತ್ರ ನೇರವಾಗಿಯೇ ಉಳಿಯುತ್ತದೆ. ಹೀಗಾಗಿ ಮಗು ಜೋರಾಗಿ ತೂಗಿದಾಗ ನೆಲಕ್ಕೆ ತಾಗುವ ತುದಿಯಲ್ಲಿಯೇ ನಾರು ತೀರಾ ಗಿಡ್ಡವಾಗಿರುತ್ತದೆ. ಇದಕ್ಕೆ ಮೂರು ದಾರಿಗಳಿವೆ. ತೆಳ್ಳಗಿನ, ಸುಮಾರು 4 ಮಿ.ಮೀ. ದಪ್ಪದ ಪಟ್ಟಿಗಳನ್ನು ಅಚ್ಚಿನ ಮೇಲೆ ಬಗ್ಗಿಸಿ, ಅಂಟು ಹಾಕಿ, ಒಂದರ ಮೇಲೊಂದು ಕೂರಿಸುವುದು ಅತ್ಯುತ್ತಮ. ನಾರು ಬಾಗಿನ ಜೊತೆಗೇ ಬಾಗುತ್ತದೆ. ಆದರೆ ಅಷ್ಟು ತೆಳ್ಳಗೆ ಒಂದೇ ಸಮನೆ ಸೀಳಲು ಒಳ್ಳೆಯ ಟೇಬಲ್ ಸಾ ಬೇಕು, ಹಿಡಿದಿಡಲು ಹತ್ತಾರು ಕ್ಲ್ಯಾಂಪ್ ಬೇಕು. ಬಗ್ಗಿಸಿದ ಪಟ್ಟಿಗಳು ಸದಾ ನೇರವಾಗಲು ಎಳೆಯುತ್ತಿರುವುದರಿಂದ ಸಾಮಾನ್ಯ ಬಿಳಿ ಫೆವಿಕಾಲ್ ಕಾಲಾಂತರದಲ್ಲಿ ಕೊಂಚ ಜಾರುತ್ತದೆ, ಅಲ್ಲಿ ಎಪಾಕ್ಸಿ ಅಂಟೇ ಸರಿ.

ಎರಡನೆಯ ದಾರಿ ನಿಮ್ಮಂತಹವರಿಗೆ ಹೊಂದುತ್ತದೆ. ಒಂದೊಂದು ಪಟ್ಟಿಯನ್ನೂ ಎರಡು ಪದರಗಳಲ್ಲಿ ಮಾಡಿ. ಮೊದಲ ಪದರದಲ್ಲಿ ಬಾಗನ್ನು ಮೂರು ತುಂಡುಗಳಾಗಿ ಹಂಚಿ, ಪ್ರತಿಯೊಂದು ತುಂಡಿನಲ್ಲೂ ನಾರು ಆ ತುಂಡಿನ ಉದ್ದಕ್ಕೇ ಬರುವಂತೆ ಹಲಗೆಯನ್ನು ತಿರುಗಿಸಿ ಗುರುತು ಹಾಕಿ. ಎರಡನೆಯ ಪದರದ ತುಂಡುಗಳ ಸೇರುವೆ ಮೊದಲನೆಯದರ ಸೇರುವೆಯ ಮೇಲೆ ಬೀಳಬಾರದು. ಗಾರೆಯವರು ಇಟ್ಟಿಗೆ ಕಟ್ಟುವಾಗ ಸಂದಿಯ ಮೇಲೆ ಸಂದಿ ಬಾರದಂತೆ ನೋಡಿಕೊಳ್ಳುವ ಹಾಗೆಯೇ ಇದು. ಎರಡೂ ಪದರಗಳ ನಡುವೆ ಪೂರ್ತಿ ಅಂಟು ಬಳಿದು ರಾತ್ರಿಯಿಡೀ ಒತ್ತಿಡಿ. ಇಲ್ಲಿ ಮರ ಎಳೆಯುವುದಿಲ್ಲವಾದ್ದರಿಂದ ಫೆವಿಕಾಲ್ ಸಾಕು.

ಕಾಲುಗಳಿಗೂ ಇದೇ ನಿಯಮ. ಕುದುರೆಯ ಹಿಂಗಾಲು ಮೊಣಕಾಲಿನ ಬಳಿ ಬಾಗಿರುವಂತೆ ನಿಮ್ಮ ನಕ್ಷೆಯಲ್ಲಿದ್ದರೆ, ಆ ಬಾಗಿನಲ್ಲಿ ನಾರು ತುಂಡಾಗುತ್ತದೆ. ಸೌಂದರ್ಯವನ್ನು ಸ್ವಲ್ಪ ಬಿಟ್ಟುಕೊಟ್ಟು ಕಾಲನ್ನು ನೇರವಾಗಿಸಿ ಎಂಬುದೇ ನನ್ನ ಸಲಹೆ. ಕಿವಿಗಳನ್ನು ತಲೆಯ ಹಲಗೆಯಲ್ಲಿಯೇ ಕೊರೆಯಬೇಡಿ, ನಾರು ಮೇಲ್ಮುಖವಾಗಿರುವ ಬೇರೆ ತುಂಡಿನಲ್ಲಿ ಮಾಡಿ ಕೂರಿಸಿ.

ಪ್ಲೈಪಕ್ಷ (ಮೈಸೂರು):
ಉಳಿಬಾಚಿಯವರ ಮಾತಿಗೆ ನನ್ನ ವಿರೋಧವಿಲ್ಲ, ಆದರೆ ಅವರು ಹೇಳದೇ ಬಿಟ್ಟ ಮೂರನೆಯ ದಾರಿ ಪ್ಲೈವುಡ್ ಎಂದು ಭಾವಿಸುತ್ತೇನೆ. ಪ್ಲೈಯಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರುತ್ತದೆ. ಆದ್ದರಿಂದ ಯಾವ ಬಾಗಿನಲ್ಲಿ ಕತ್ತರಿಸಿದರೂ ಸೀಳುವ ಭಯವಿಲ್ಲ. ಐಎಸ್ 710 (ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ) ಗುರುತಿರುವ 18 ಮಿ.ಮೀ. ಮರೈನ್ ಪ್ಲೈಯ ಎರಡು ಹಾಳೆಗಳನ್ನು ಅಂಟಿಸಿದರೆ 36 ಮಿ.ಮೀ. ದಪ್ಪದ ಪಟ್ಟಿ ಸಿದ್ಧ. ಮೊದಲ ಬಾರಿ ಕೆಲಸಕ್ಕೆ ಕೈಹಾಕುವವರಿಗೆ ಆರು ತುಂಡುಗಳನ್ನು ಹೊಂದಿಸುವ ತಾಪತ್ರಯ ಏಕೆ?

ಉಳಿಬಾಚಿ (ಉಡುಪಿ):
ಮೂರನೆಯ ದಾರಿಯೆಂದು ನಾನು ಬರೆಯಹೊರಟಿದ್ದುದೂ ಅದೇ. ಕಾಲುಗಳ ವಿಚಾರಕ್ಕೆ ಹೋಗಿ ಅದು ಉಳಿದುಹೋಯಿತು. ಕೆಟ್ಟ ಹಲಗೆಯ ಪಟ್ಟಿಗಿಂತ ಒಳ್ಳೆಯ ಪ್ಲೈ ಪಟ್ಟಿ ಮೇಲು ಎಂಬುದನ್ನು ಒಪ್ಪುತ್ತೇನೆ. ಪ್ಲೈಯ ದೌರ್ಬಲ್ಯ ಅದರ ಅಂಚಿನಲ್ಲಿದೆ. ನೆಲಕ್ಕೆ ಉಜ್ಜುವುದೂ ಅದೇ ಅಂಚು, ಮಗುವಿನ ಕಾಲಿಗೆ ತಾಗುವುದೂ ಅದೇ ಅಂಚು, ಸಿಬಿರು ಏಳುವುದೂ ಅಲ್ಲಿಯೇ. ಅಗ್ಗದ ಪ್ಲೈಯಲ್ಲಿ ಒಳಗೆ ಖಾಲಿ ಸಂದುಗಳಿರುತ್ತವೆ, ಕತ್ತರಿಸಿದ ಮೇಲಷ್ಟೇ ಅದು ಗೊತ್ತಾಗುತ್ತದೆ. ಅಂಚನ್ನು ಚೆನ್ನಾಗಿ ಗುಂಡಗೆ ಮಾಡಿ, ಉಪ್ಪುಕಾಗದ ಉಜ್ಜಿ, ವಾರ್ನಿಷ್‌ನಿಂದ ಮುಚ್ಚುವ ತಾಳ್ಮೆಯಿದ್ದರೆ ಧಾರಾಳವಾಗಿ ಮಾಡಬಹುದು. ಆದರೂ ತೋಟದ ಮರ ಮನೆಯಲ್ಲಿ ಒಣಗಿ ಕಾಯುತ್ತಿರುವಾಗ ಪ್ಲೈ ತರಲು ನನಗಂತೂ ಮನಸ್ಸು ಬಾರದು.

ತ್ರಿಜ್ಯ (ಹುಬ್ಬಳ್ಳಿ):
ನಾನು ಮೆಕ್ಯಾನಿಕಲ್ ಎಂಜಿನಿಯರ್, ಬಡಗಿಯಲ್ಲ. ಪಟ್ಟಿ ಗಟ್ಟಿಯಾಗಿರುವುದರ ಜೊತೆಗೆ ಅದರ ಬಾಗು ಎಷ್ಟು ಎಂಬುದೂ ಮುಖ್ಯ. ಕಾಫಿಕಣಿವೆ ಅವರು ದಯವಿಟ್ಟು ಎರಡು ಅಳತೆಗಳನ್ನು ತಿಳಿಸಬೇಕು: ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ದೂರ, ಮತ್ತು ಸಮತಟ್ಟು ನೆಲದ ಮೇಲಿಟ್ಟಾಗ ತುದಿಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು.

ಕಾಫಿಕಣಿವೆ (ಸಕಲೇಶಪುರ):
ತುದಿಯಿಂದ ತುದಿಗೆ 40 ಇಂಚು, ಎತ್ತರ ನಾಲ್ಕೂವರೆ ಇಂಚು. ಆಸನ ನೆಲದಿಂದ 14 ಇಂಚು ಮೇಲಿದೆ.

ತ್ರಿಜ್ಯ (ಹುಬ್ಬಳ್ಳಿ):
ಧನ್ಯವಾದಗಳು. ನೇರ ದೂರದ ವರ್ಗವನ್ನು ಎತ್ತರದ ಎಂಟರಷ್ಟರಿಂದ ಭಾಗಿಸಿ, ಎತ್ತರದ ಅರ್ಧವನ್ನು ಕೂಡಿಸಿದರೆ ವೃತ್ತದ ತ್ರಿಜ್ಯ ಸಿಗುತ್ತದೆ. 1600ನ್ನು 36ರಿಂದ ಭಾಗಿಸಿದರೆ 44.4, ಅದಕ್ಕೆ 2.25 ಸೇರಿಸಿದರೆ ಸುಮಾರು 46.7 ಇಂಚು, ಅಂದರೆ 118 ಸೆಂ.ಮೀ.ಗಿಂತ ತುಸು ಹೆಚ್ಚು.

ಈ ಸಂಖ್ಯೆಗೆ ಏಕಿಷ್ಟು ಮಹತ್ವವೆಂದರೆ, ಕುದುರೆ ಮತ್ತು ಸವಾರ ಇಬ್ಬರ ಒಟ್ಟು ಗುರುತ್ವ ಕೇಂದ್ರ ನೆಲದಿಂದ ಇರುವ ಎತ್ತರವು ಈ ತ್ರಿಜ್ಯಕ್ಕಿಂತ ಕಡಿಮೆಯಿದ್ದರೆ ಮಾತ್ರ ಕುದುರೆ ವಾಲಿದ ಮೇಲೆ ತಾನಾಗಿ ಹಿಂದಕ್ಕೆ ಬರುತ್ತದೆ. ಹೆಚ್ಚಾದರೆ ವಾಲಿದ ಕಡೆಗೇ ಉರುಳುತ್ತದೆ. ನಿಮ್ಮ ಮಗಳು 12 ಕಿಲೋ, ಕುದುರೆ 10 ಕಿಲೋ ಎಂದಿಟ್ಟುಕೊಂಡರೆ, ಕುಳಿತ ಸ್ಥಿತಿಯಲ್ಲಿ ಆ ಕೇಂದ್ರ ಸುಮಾರು 45 ಸೆಂ.ಮೀ. ಎತ್ತರದಲ್ಲಿರುತ್ತದೆ. ತ್ರಿಜ್ಯ 118 ಇರುವಾಗ ಕುದುರೆ ಬೇಗ ಬೇಗ, ಒಂದೂ ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಒಂದು ಸಲ ಹೋಗಿಬಂದು ಮಾಡುತ್ತದೆ. ಮಕ್ಕಳಿಗೆ ಇದು ಚುರುಕಾದ ಓಟದಂತೆ ತೋರುತ್ತದೆ.

ಕೆಲವರು ಇನ್ನಷ್ಟು ಆಳವಾಗಿ ತೂಗಲಿ ಎಂದು ಬಾಗನ್ನು ಹೆಚ್ಚಿಸುತ್ತಾರೆ. ತ್ರಿಜ್ಯವನ್ನು 65 ಸೆಂ.ಮೀ.ಗೆ ಇಳಿಸಿದರೆ ಒಂದು ತೂಗಾಟಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ, ನೋಡಲು ಬಹಳ ಸೊಗಸಾಗಿಯೂ ಇರುತ್ತದೆ. ಎರಡು ವರ್ಷದ ಮಗು ಕುಳಿತಿರುವವರೆಗೂ ಅಪಾಯವೇನೂ ಕಾಣುವುದಿಲ್ಲ. ಆದರೆ ಪಕ್ಕದ ಮನೆಯ ಐದು ವರ್ಷದ ಹುಡುಗ ಬಂದು ಆಸನದ ಮೇಲೆ ಎದ್ದು ನಿಂತನೆಂದರೆ ಗುರುತ್ವ ಕೇಂದ್ರ 70 ಸೆಂ.ಮೀ. ದಾಟುತ್ತದೆ, ಅದು 65ಕ್ಕಿಂತ ಹೆಚ್ಚು, ಆಗ ಕುದುರೆಯನ್ನು ಹಿಂದಕ್ಕೆ ತರುವ ಬಲವೇ ಇರುವುದಿಲ್ಲ. ನಿಮ್ಮ ನಕ್ಷೆಯವರು ಈ ಲೆಕ್ಕವನ್ನು ಚೆನ್ನಾಗಿಯೇ ಮಾಡಿದ್ದಾರೆ, ಬಾಗನ್ನು ಬದಲಿಸಬೇಡಿ. ಎಂಟು ವರ್ಷದವರಿಗೆಂದು ಆಸನವನ್ನು ಮಾತ್ರ ಎತ್ತರಿಸುವವರು ಮತ್ತೊಮ್ಮೆ ಲೆಕ್ಕ ಹಾಕಬೇಕು.

ಉಳಿಬಾಚಿಯವರು ಹೇಳಿದ್ದನ್ನೂ ಇದೇ ಅಳತೆಯಲ್ಲಿ ನೋಡಿದೆ. ಒಂದೇ ಹಲಗೆಯಲ್ಲಿ ಕತ್ತರಿಸಿದರೆ ತುದಿಯಲ್ಲಿ ಪಟ್ಟಿಯ ದಿಕ್ಕು ನಾರಿಗಿಂತ 25 ಡಿಗ್ರಿ ತಿರುಗಿರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡಕ್ಕೆ ಒಂದರ ಇಳಿಜಾರು. ಮೂರು ತುಂಡು ಮಾಡಿದರೆ ಪ್ರತಿ ತುಂಡಿನ ತುದಿಯಲ್ಲೂ ತಿರುವು ಎಂಟೂವರೆ ಡಿಗ್ರಿಗೆ ಇಳಿಯುತ್ತದೆ, ಇಳಿಜಾರು ಏಳಕ್ಕೆ ಒಂದರ ಹತ್ತಿರ ಬರುತ್ತದೆ. ವ್ಯತ್ಯಾಸ ಸಣ್ಣದಲ್ಲ.

ವೃತ್ತ ಎಳೆಯುವಾಗ ದಾರ ಬಳಸಬೇಡಿ, ಅದು ಹಿಗ್ಗುತ್ತದೆ. ಉದ್ದನೆಯ ರೀಪಿನ ಒಂದು ತುದಿಗೆ ಮೊಳೆ, 46.7 ಇಂಚಿನಲ್ಲಿ ಪೆನ್ಸಿಲ್ ತೂರುವಷ್ಟು ತೂತು ಮಾಡಿಕೊಂಡು ಎಳೆಯಿರಿ.

ಕಾಫಿಕಣಿವೆ (ಸಕಲೇಶಪುರ):
ಇಷ್ಟು ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. ಎರಡು ಪದರ, ಮೂರು ತುಂಡುಗಳ ವಿಧಾನವನ್ನೇ ಅನುಸರಿಸುತ್ತೇನೆ. ಕಾಲುಗಳನ್ನು ನೇರವಾಗಿಸುವುದಕ್ಕೂ ಒಪ್ಪಿದ್ದೇನೆ, ಬಾಲ ಉದ್ದವಾಗಿದ್ದರೆ ಯಾರೂ ಕಾಲನ್ನು ಗಮನಿಸಲಾರರು. ನಮ್ಮ ಮನೆಯದು ಹಳೆಯ ರೆಡ್ ಆಕ್ಸೈಡ್ ನೆಲ, ಕನ್ನಡಿಯಷ್ಟು ನುಣುಪು. ತೂಗುತ್ತಾ ತೂಗುತ್ತಾ ಕುದುರೆ ಗೋಡೆಯವರೆಗೆ ಹೋಗಿಬಿಡುವುದಿಲ್ಲವೇ? ಉಳಿಬಾಚಿಯವರೇ, ಸ್ಕ್ರೂ ಬಳಸಬೇಕೇ, ಮರದ ಗೂಟಗಳೇ, ಅದನ್ನೂ ತಿಳಿಸಿ.

ದೂರದ ಕನ್ನಡಿಗ (ಮಿಶಿಗನ್):
ಹೋಗುತ್ತದೆ. ಬಾಗುಪಟ್ಟಿಯ ಕುದುರೆಗಳ ಹಳೆಯ ದೂರೇ ಅದು. ಇದಕ್ಕೆ ಪರಿಹಾರವಾಗಿ ಅಮೆರಿಕದ ಸಿನ್ಸಿನಾಟಿ ನಗರದ ಫಿಲಿಪ್ ಮಾರ್ಕ್ವಾ 1880ರಲ್ಲಿ ಬೇರೆಯದೇ ಏರ್ಪಾಡಿಗೆ ಪೇಟೆಂಟ್ ಪಡೆದರು. ಅದರಲ್ಲಿ ಪೀಠ ನೆಲದ ಮೇಲೆ ಅಲುಗಾಡದೆ ನಿಂತಿರುತ್ತದೆ, ಕುದುರೆ ಕಬ್ಬಿಣದ ತೂಗುಕಂಬಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಇಂಗ್ಲೆಂಡಿನ ಕುದುರೆ ತಯಾರಕರೂ ಅದನ್ನು ಅಳವಡಿಸಿಕೊಂಡರು. ಪಟ್ಟಿಯ ಕೆಳಗೆ ಬೆರಳು ಸಿಗುವ ಭಯವೂ ಅದರಲ್ಲಿ ಕಡಿಮೆ. ಆದರೆ ಕಬ್ಬಿಣದ ಕೆಲಸ ಸೇರಿಕೊಳ್ಳುವುದರಿಂದ ಮೊದಲ ಕುದುರೆಗೆ ಅದನ್ನು ಶಿಫಾರಸು ಮಾಡಲಾರೆ.

ತ್ರಿಜ್ಯ (ಹುಬ್ಬಳ್ಳಿ):
ಪಟ್ಟಿಯ ಕೆಳಗೆ ಉದ್ದಕ್ಕೂ ಎರಡು ಮಿ.ಮೀ. ದಪ್ಪದ ತೊಗಲಿನ ಪಟ್ಟಿಯನ್ನು ಅಂಟಿಸಿ. ನೆಲವೂ ಗೀರುವುದಿಲ್ಲ, ಜಾರುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಎರಡು ಪಟ್ಟಿಗಳ ನಡುವಿನ ಅಂತರವನ್ನು ನೆಲದ ಬಳಿ 30 ಸೆಂ.ಮೀ.ಗಿಂತ ಕಡಿಮೆ ಮಾಡಬೇಡಿ. ಮಗು ಒಂದೇ ಪಕ್ಕದಿಂದ ಹತ್ತುವಾಗ ಕುದುರೆ ಅಡ್ಡಕ್ಕೆ ಬೀಳದಿರುವುದು ಇದರಿಂದಲೇ.

ಉಳಿಬಾಚಿ (ಉಡುಪಿ):
ಕಾಲು ದೇಹಕ್ಕೆ ಸೇರುವಲ್ಲಿ ಅಂಟು ಮತ್ತು ಬೋಲ್ಟ್ ಎರಡೂ ಇರಲಿ, ಬೋಲ್ಟಿನ ತಲೆಯನ್ನು ಮರದೊಳಗೆ ಇಳಿಸಿ ಮೇಲೆ ಮರದ ಬಿರಡೆ ಹಾಕಿ. ಆದರೆ ನಟ್ಟಿನ ಕಡೆ ತೆರೆದಿರಬೇಕು, ಮುಂದೆ ಬಿಗಿಗೊಳಿಸಲು ಬೇಕಾಗುತ್ತದೆ. ಹಲಗೆಯ ಕೊಯ್ದ ತುದಿಗೆ, ಅಂದರೆ ನಾರಿನ ಬಾಯಿಗೆ ಸ್ಕ್ರೂ ಹೊಡೆದರೆ ಅದು ನಿಲ್ಲುವುದಿಲ್ಲ. ಅಂತಹ ಕಡೆ ಗೂಟವೇ ಸರಿ. ಎಲ್ಲಿಯೇ ಸ್ಕ್ರೂ ಹಾಕಿದರೂ ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಸಿಲ್ವರ್ ಓಕ್ ಅಂಚಿನಲ್ಲಿ ಸುಲಭವಾಗಿ ಸೀಳುತ್ತದೆ. ಅದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ ಉಂಟುಮಾಡುತ್ತದೆ. ತುಂಬುತೋಳಿನ ಅಂಗಿ ಮತ್ತು ಮಾಸ್ಕ್ ಹಾಕಿಕೊಂಡೇ ಉಜ್ಜಿ. ಹಲಗೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದು ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳು, ಆ ಹಲಗೆಯನ್ನು ಕುದುರೆಗೆ ಬಳಸಬೇಡಿ.

ಅರಗಿನ ಬಣ್ಣ (ಚನ್ನಪಟ್ಟಣ):
ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಚನ್ನಪಟ್ಟಣದ ಗೊಂಬೆಯ ಬಣ್ಣವನ್ನೇ ಹಚ್ಚಬಹುದೇ ಎಂದು ಬಹಳ ಜನ ಕೇಳುತ್ತಾರೆ. ನಮ್ಮಲ್ಲಿ ಆಲೆ ಮರದ ತುಂಡು ಪಟ್ಟಡಿಯ ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತೇವೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಅನಂತರ ಎಲೆಯಿಂದ ಒತ್ತಿ ಹೊಳಪು ತರುತ್ತೇವೆ. ಮರ ತಿರುಗದೆ ಈ ಕೆಲಸ ಆಗದು. ಕುದುರೆಯ ಹಿಡಿಗೂಟ, ಕಾಲಿಡುವ ಗೂಟ ಇವುಗಳನ್ನು ಹೀಗೆ ಮಾಡಿಸಿಕೊಳ್ಳಬಹುದು. ಹಲಗೆಯ ದೇಹಕ್ಕೆ ಸಾಧ್ಯವಿಲ್ಲ. ಹಿಡಿಗೂಟ ಒಂದು ಇಂಚಿಗಿಂತ ದಪ್ಪ ಬೇಡ, ಎರಡು ವರ್ಷದ ಕೈಗೆ ಅಷ್ಟೇ ಹಿಡಿತ. ತುದಿ ಮಾತ್ರ ಅಣಬೆಯಂತೆ ಅಗಲವಾಗಿ, ಗುಂಡಗಿರಲಿ; ಮುಗ್ಗರಿಸಿದರೆ ಕಣ್ಣಿಗೆ ಚುಚ್ಚಬಾರದು.

ದೇಹಕ್ಕೆ ಬೇಕಾದರೆ ಚಕ್ಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ತೆಳ್ಳಗೆ ಹಲವು ಸಲ ಹಚ್ಚಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಉಳಿಯುವುದು ಅರಗು ಮಾತ್ರ. ನೀರು ನಿಂತರೆ ಬಿಳಿಚಿಕೊಳ್ಳುತ್ತದೆ ಎಂಬುದೊಂದೇ ಅದರ ಕುಂದು.

ಪ್ಲೈಪಕ್ಷ (ಮೈಸೂರು):
ಬಣ್ಣವೇ ಬೇಕೆನ್ನುವವರು ಡಬ್ಬಿಯ ಮೇಲಿನ ಬರಹವನ್ನು ಓದಬೇಕು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಉಗ್ರಾಣದಲ್ಲಿ ಉಳಿದಿರುವ ಹಳೆಯ ಡಬ್ಬಿ, ಯಂತ್ರಗಳಿಗೆ ಬಳಿಯುವ ಬಣ್ಣ, ಎರಡೂ ಬೇಡ. ಅಂದಹಾಗೆ, ಇದನ್ನು ಓದಿ ಮಾರಾಟಕ್ಕೆ ಕುದುರೆ ಮಾಡಹೊರಡುವವರಿಗೆ ಒಂದು ಮಾತು: 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾಗಿದೆ, ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೆ ವಿನಾಯಿತಿ ಇದೆ. ಸ್ವಂತ ಮಗುವಿಗೆ ಮಾಡಿಕೊಡುವವರಿಗೆ ಇದು ಅನ್ವಯಿಸುವುದಿಲ್ಲ.

ಕಾಫಿಕಣಿವೆ (ಸಕಲೇಶಪುರ):
ಅಗಸೆ ಎಣ್ಣೆ ಹಚ್ಚಿದರೆ ಸಾಲದೇ? ಸಿಲ್ವರ್ ಓಕ್‌ನ ಮಚ್ಚೆಮಚ್ಚೆಯ ಹೊಳಪು ಕಾಣುತ್ತಿರಲಿ ಎಂಬ ಆಸೆ ನನ್ನದು.

ಉಳಿಬಾಚಿ (ಉಡುಪಿ):
ಸಾಕು, ಆ ಮಚ್ಚೆ ಎಣ್ಣೆಯಲ್ಲಿಯೇ ಚೆನ್ನಾಗಿ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಸಿಗುವ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಅದನ್ನು ಬಿಟ್ಟು ಹಸಿ ಎಣ್ಣೆಯನ್ನೇ ತೆಳ್ಳಗೆ ಹಚ್ಚಿ ಒರೆಸಿ. ಒಣಗಲು ವಾರಗಳು ಹಿಡಿಯುತ್ತವೆ, ಮಳೆಗಾಲದಲ್ಲಂತೂ ಹಚ್ಚಲೇಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಅಪಾಯ. ಒಣಗುವಾಗ ಅದರೊಳಗೆ ಬಿಸಿ ಹುಟ್ಟಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ.

ಬಾಲದ ಬಗ್ಗೆಯೂ ಹೇಳಿಬಿಡುತ್ತೇನೆ, ಉದ್ದ ಬೇಕೆಂದಿದ್ದೀರಿ. ಹತ್ತಿಯ ನೂಲನ್ನು ಬಿಡಿಬಿಡಿಯಾಗಿ, ಎಲ್ಲಿಯೂ ಕುಣಿಕೆಯಾಗದಂತೆ ಕಟ್ಟಿ, ಒಂದು ಗೇಣಿಗಿಂತ ಉದ್ದ ಬಿಡಬೇಡಿ. ತೂತಿನೊಳಗೆ ಅಂಟು ಹಾಕಿ, ಬೆಣೆ ಹೊಡೆದು ಕೂರಿಸಿ. ಮಕ್ಕಳು ಮೊದಲು ಎಳೆದು ನೋಡುವುದು ಅದನ್ನೇ.

ಎಲ್ಲವೂ ಮುಗಿದ ಮೇಲೆ ಮಗುವನ್ನು ಕೂರಿಸುವ ಮೊದಲು ಆಸನದ ಮೇಲೆ 25 ಕಿಲೋದ ಎರಡು ಅಕ್ಕಿ ಮೂಟೆಗಳನ್ನು ಹಗ್ಗದಿಂದ ಬಿಗಿದು, ಎರಡೂ ತುದಿ ನೆಲಕ್ಕೆ ಮುಟ್ಟುವಷ್ಟು ಜೋರಾಗಿ ತೂಗಿ ನೋಡಿ. ಕಿರುಗುಟ್ಟಿದರೆ ಯಾವ ಸೇರುವೆಯಿಂದ ಸದ್ದು ಬರುತ್ತಿದೆಯೆಂದು ಕೈಯಿಟ್ಟು ಪತ್ತೆ ಮಾಡಿ, ಬೋಲ್ಟ್ ಬಿಗಿಗೊಳಿಸಿ. ಮಳೆ ನಿಂತು ಗಾಳಿ ಒಣಗಿದಾಗ ಮರ ಕುಗ್ಗುತ್ತದೆ. ನಿಮ್ಮ ಕಡೆ ದೀಪಾವಳಿ ಕಳೆದ ಮೇಲೆ ಒಮ್ಮೆ ಎಲ್ಲ ನಟ್ಟುಗಳನ್ನೂ ನೋಡಿಕೊಳ್ಳಿ, ಮೊದಲ ವರ್ಷದಲ್ಲಿ ಅರ್ಧ ಸುತ್ತು ತಿರುಗುವುದು ಸಾಮಾನ್ಯ.